ಕಾಲರಾ ಗಂಟೆಗಳಲ್ಲಿ, ರಿಪೋರ್ಟು ದಿನಗಳಲ್ಲಿ

ನನ್ನ ಕೈಯಲ್ಲಿ ಒಂದು ಕಡ್ಡಿ ಇದೆ. ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ. ಮಾತು ಮುಗಿದ ಮೇಲೆ ಮೇಜಿನ ಮೇಲೆ ಇಟ್ಟಿರುತ್ತೇನೆ, ಬಂದು ನೋಡಿ. ಬಸಿರಿನ ಪರೀಕ್ಷೆಗೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದಲ್ಲ, ಅದೇ ಜಾತಿಯದು. ಇದು ಕಾಲರಾಗೆ. ರೋಗಿಯ ಭೇದಿಯ ನೀರನ್ನು ಕೆಲವು ಹನಿ ಪುಟ್ಟ ಟ್ಯೂಬಿಗೆ ಹಾಕಬೇಕು, ಕಡ್ಡಿ ಅದ್ದಬೇಕು, ಹದಿನೈದಿಪ್ಪತ್ತು ನಿಮಿಷ ಕಾಯಬೇಕು. ಮೇಲಿನ ಗೆರೆ ಬಂದೇ ಬರಬೇಕು. ಬರದಿದ್ದರೆ ಕಡ್ಡಿಯೇ ಕೆಟ್ಟಿದೆ ಅಂತ ಅರ್ಥ. ಅದರ ಕೆಳಗೆ ಇನ್ನೊಂದು ಗೆರೆ ಮೂಡಿದರೆ ಕಾಲರಾ ಇರಬಹುದು. ಕರೆಂಟು ಬೇಡ, ಮೈಕ್ರೋಸ್ಕೋಪು ಬೇಡ, ಎಂ.ಎಸ್ಸಿ. ಓದಿದವರೂ ಬೇಡ.

ಊಟದ ಹೊತ್ತಿಗೆ ಭೇದಿಯ ಮಾತು ತೆಗೆದಳಲ್ಲ ಅಂತ ಬೈಕೋಬೇಡಿ. ಮೂವತ್ತು ವರ್ಷ ಲ್ಯಾಬಿನಲ್ಲಿ ಇದ್ದವಳು ನಾನು. ನಮ್ಮ ಮನೆಯವರು ಈಗಲೂ ಊಟಕ್ಕೆ ಕೂತಾಗ "ಲ್ಯಾಬಿನ ಮಾತು ಬೇಡ" ಅಂತ ಮೊದಲೇ ಹೇಳಿಬಿಡುತ್ತಾರೆ.

ನಾನು ಕೆಲಸಕ್ಕೆ ಸೇರಿದಾಗ ಈ ಕಡ್ಡಿ ಇರಲಿಲ್ಲ. ನಿವೃತ್ತಿಯ ಹೊತ್ತಿಗೆ ಬಂದಿತ್ತು, ಆದರೆ ನಮ್ಮ ಕಪಾಟಿನ ತನಕ ಬಂದದ್ದು ಕಡಿಮೆ. ಇದು ಯಾಕೆ ಬೇಕಾಯಿತು, ಬಂದ ಮೇಲೂ ಕಾಲರಾ ಯಾಕೆ ನಿಂತಿಲ್ಲ, ಇವತ್ತು ಅದನ್ನೇ ಹೇಳಬೇಕು ಅಂತಿದ್ದೇನೆ.

ಮೊದಲು ಕಾಯಿಲೆಯ ವೇಗ ನೋಡೋಣ. ಕೆಟ್ಟ ನೀರು ಕುಡಿದ ಕೆಲವು ಗಂಟೆಯಲ್ಲೇ ಶುರುವಾಗಬಹುದು, ಐದು ದಿನ ತಡವಾಗಲೂಬಹುದು. ಜೋರಾದ ಕಾಲರಾ ಆದರೆ ಭೇದಿಯಲ್ಲಿ ಮಲದ ಬಣ್ಣವೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ. ಅಕ್ಕಿ ತೊಳೆದ ನೀರಿನ ಹಾಗೆ, ಹಸುವಿಗೆ ಇಡೋ ಕಲಗಚ್ಚಿನ ಹಾಗೆ ಇರುತ್ತದೆ. ಗಂಟೆಗೆ ಒಂದು ಲೀಟರಿನಷ್ಟು ನೀರು ಮೈಯಿಂದ ಹೋಗಬಹುದು. ಕಣ್ಣು ಗುಳಿ ಬೀಳುತ್ತದೆ, ಮೀನಖಂಡ ಸೆಟೆದುಕೊಳ್ಳುತ್ತದೆ, ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದವರು ರಾತ್ರಿ ಹೊತ್ತಿಗೆ ಇರುವುದಿಲ್ಲ. ಹಳೇ ಕಾಲದವರು ಇದನ್ನು ಮಾರಿ ಅಂದದ್ದು ಸುಮ್ನೆ ಅಲ್ಲ.

ತಮಾಷೆ ಅಂದರೆ ಈ ಬ್ಯಾಕ್ಟೀರಿಯಾ ಕರುಳನ್ನು ಕೊರೆಯುವುದಿಲ್ಲ, ರಕ್ತಕ್ಕೂ ನುಗ್ಗುವುದಿಲ್ಲ. ಕರುಳಿನ ಗೋಡೆಗೆ ಅಂಟಿಕೊಂಡು ಒಂದು ವಿಷ ಬಿಡುತ್ತದೆ, ಅಷ್ಟೇ. ಆ ವಿಷ ಕರುಳಿನ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಡುತ್ತದೆ. ರಾಬರ್ಟ್ ಕೋಖ್ 1884ರಲ್ಲಿ ಕಲ್ಕತ್ತಾದಲ್ಲಿ ಕೂತು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ವಿಷ ಇದೆ ಅಂತ ಸರಿಯಾಗಿ ಸಾಬೀತಾಗಲು ಆಮೇಲೆ 75 ವರ್ಷ ಹಿಡಿಯಿತು. ಅದೂ ಅದೇ ಕಲ್ಕತ್ತಾದಲ್ಲೇ. 1959ರಲ್ಲಿ ಶಂಭುನಾಥ ಡೇ ಮೊಲದ ಕರುಳಿನಲ್ಲಿ ಪ್ರಯೋಗ ಮಾಡಿ ತೋರಿಸಿದರು. ಆ ಹೆಸರು ನಮ್ಮ ಪಾಠದ ಪುಸ್ತಕಗಳಲ್ಲಿ ಇರಬೇಕಾದಷ್ಟು ಇಲ್ಲ. ಇರಲಿ.

ನಲ್ಲಿ ಬಿಟ್ಟುಕೊಂಡಿದೆ ಅಂದರೆ ಹೋದಷ್ಟು ನೀರನ್ನು ವಾಪಸು ತುಂಬಬೇಕು. ಚಿಕಿತ್ಸೆ ಅಂದರೆ ಮುಖ್ಯವಾಗಿ ಇದೇ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ನಿರಾಶ್ರಿತರು ಸಾವಿರಗಟ್ಟಲೆ ಬಂದರು. ಅಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿ ಸಾಲಲಿಲ್ಲ. ಡಾಕ್ಟರ್ ದಿಲೀಪ್ ಮಹಲನೋಬಿಸ್ ಅವರು ಗ್ಲೂಕೋಸ್, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಹತ್ತಿರ ಹೋಗಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ನಮ್ಮ ಓ.ಆರ್.ಎಸ್. ಪೊಟ್ಟಣದ ಹಿಂದೆ ಈ ಕತೆ ಇದೆ.

ಈಗ ಒಂದು ಪ್ರಶ್ನೆ. ರೋಗಿಗೆ ಓ.ಆರ್.ಎಸ್. ಕೊಡಲು ಈ ಕಡ್ಡಿ ಬೇಕಾ? ಬೇಡ. ಯಾವ ಭೇದಿಯಾದರೂ ನೀರು ತುಂಬಲೇಬೇಕು. ಗೆರೆ ಬರಲಿ ಅಂತ ಕಾಯುತ್ತಾ ಕೂತರೆ ಅದು ಮೂರ್ಖತನ. ಹಾಗಾದರೆ ಕಡ್ಡಿ ಯಾರಿಗೆ? ಊರಿಗೆ. ಪಕ್ಕದ ಮನೆಯವರಿಗೆ, ಅದೇ ಟ್ಯಾಂಕಿನ ನೀರು ಕುಡಿಯೋ ಶಾಲೆಯ ಮಕ್ಕಳಿಗೆ, ನಾಳೆ ಆ ಊರಿನ ಜಾತ್ರೆಗೆ ಬರುವವರಿಗೆ. ಇದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಕಾಲರಾ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಇಲ್ಲವೇ ಸಣ್ಣಗೆ ಹೊಟ್ಟೆ ಕೆಟ್ಟು ಹೋಗುತ್ತದೆ. ಆದರೆ ಅವರ ಮಲದಲ್ಲಿ ಹತ್ತು ದಿನದವರೆಗೂ ಬ್ಯಾಕ್ಟೀರಿಯಾ ಹೋಗುತ್ತಿರಬಹುದು. ಆಸ್ಪತ್ರೆಗೆ ಒಬ್ಬರು ಬಂದಿದ್ದಾರೆ ಅಂದರೆ ಊರಿನಲ್ಲಿ ಓಡಾಡಿಕೊಂಡು ಇರುವವರು ಇನ್ನೆಷ್ಟೋ.

ಕಡ್ಡಿ ಬರುವ ಮೊದಲು ಊರಿಗೆ ಉತ್ತರ ಹೇಗೆ ಸಿಗುತ್ತಿತ್ತು? ಕಲ್ಚರ್ ಮಾಡಬೇಕಿತ್ತು, ಅಂದರೆ ಬ್ಯಾಕ್ಟೀರಿಯಾ ಬೆಳೆಸಬೇಕಿತ್ತು. ಈಗಲೂ ಪಕ್ಕಾ ಮಾಡಲು ಅದೇ ದಾರಿ, ಇಲ್ಲವೇ ಪಿ.ಸಿ.ಆರ್. ನನಗೆ ಈ ಕೆಲಸ ಬಹಳ ಇಷ್ಟ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹತ್ತಿಯ ಕಡ್ಡಿಯಲ್ಲಿ ಮಲ ತೆಗೆದು ಕ್ಯಾರಿ-ಬ್ಲೇರ್ ಅನ್ನುವ ಜೆಲ್ಲಿಯಂಥ ಮಾಧ್ಯಮದಲ್ಲಿ ಚುಚ್ಚಿ ಕಳಿಸುತ್ತಾರೆ. ಲ್ಯಾಬಿಗೆ ಬಂದ ಮೇಲೆ ಕ್ಷಾರ ಇರುವ ಪೆಪ್ಟೋನ್ ನೀರಿನಲ್ಲಿ ಆರು ಗಂಟೆ ಇಡುತ್ತೇವೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಆ ಕ್ಷಾರ ಅಷ್ಟಾಗಿ ಒಗ್ಗುವುದಿಲ್ಲ, ಇದಕ್ಕೆ ಅದೇ ಹಬ್ಬದೂಟ. ಆಮೇಲೆ ಟಿ.ಸಿ.ಬಿ.ಎಸ್. ಅನ್ನುವ ಹಸಿರು ತಟ್ಟೆಯ ಮೇಲೆ ಗೀರಿ ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿ ಇಡಬೇಕು. ಬೆಳಿಗ್ಗೆ ಬಾಗಿಲು ತೆಗೆದಾಗ ಹಸಿರು ತಟ್ಟೆಯ ಮೇಲೆ ನಿಂಬೆಹಣ್ಣಿನ ಬಣ್ಣದ ಚುಕ್ಕೆಗಳು. ನೋಡಲು ಎಷ್ಟು ಚೆಂದ ಅಂತೀರಾ! ಆಮೇಲೆ ಸೀರಂ ಹಾಕಿ ನೋಡಬೇಕು. ಓ1 ಅನ್ನುವ ಗುಂಪಿನ ಬ್ಯಾಕ್ಟೀರಿಯಾವನ್ನು ಗುರುತಿಸುವ ಸೀರಂಗೆ ಗುಂಪುಗಟ್ಟಿದರೆ ಅದು ಕಾಲರಾ.

ಇಲ್ಲಿ ಒಂದು ಅಡ್ಡಮಾತು. 1992ರಲ್ಲಿ ಮದ್ರಾಸಿನಲ್ಲಿ ರೋಗಿಗಳನ್ನು ನೋಡಿದರೆ ಪಕ್ಕಾ ಕಾಲರಾ, ತಟ್ಟೆಯಲ್ಲಿ ಹಳದಿ ಚುಕ್ಕೆ, ಎಲ್ಲಾ ಸರಿ. ಆದರೆ ಓ1 ಸೀರಂ ಹಾಕಿದರೆ ಗುಂಪುಗಟ್ಟಲಿಲ್ಲ. ಕಾಲರಾ ತರುವುದು ಓ1 ಮಾತ್ರ ಅಂತ ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಇದು ಹೊಸದು, ಓ139. ಕೆಲವೇ ತಿಂಗಳಲ್ಲಿ ಕಲ್ಕತ್ತಾ, ಬಾಂಗ್ಲಾದೇಶ ಮುಟ್ಟಿತು. ಆಮೇಲೆ ತಾನಾಗಿಯೇ ಹಿಂದೆ ಸರಿಯಿತು. ಯಾವ ಪರೀಕ್ಷೆಯೇ ಆಗಲಿ, ನೀವು ಏನು ಹುಡುಕುತ್ತೀರೋ ಅದನ್ನಷ್ಟೇ ತೋರಿಸುತ್ತದೆ. ಈ ಕಡ್ಡಿಯೂ ಹಾಗೇ.

ವಾಪಸು ಬರುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಊರು, ತಾಲ್ಲೂಕು ಹೇಳುವುದಿಲ್ಲ. ಮುಂಗಾರು ಆಗಷ್ಟೇ ಶುರುವಾಗಿತ್ತು. ಒಂದು ಹಳ್ಳಿಯಲ್ಲಿ ಎರಡು ದಿನದಲ್ಲಿ ಮೂವತ್ತು ಚಿಲ್ಲರೆ ಜನಕ್ಕೆ ವಾಂತಿಭೇದಿ. ನಮಗೆ ಆರು ಸ್ಯಾಂಪಲ್ ಬಂತು. ತಂದ ಹುಡುಗ ಬಹಳ ಜವಾಬ್ದಾರಿಯವನು. ಐಸ್‌ಕ್ಯಾಂಡಿ ಗಾಡಿಯವನ ಹತ್ತಿರ ಐಸು ಬೇಡಿ ತಂದು, ಸ್ಯಾಂಪಲ್ ಸುತ್ತ ತುಂಬಿಸಿ, ನಲವತ್ತು ಕಿಲೋಮೀಟರ್ ಬೈಕಿನಲ್ಲಿ ಬಂದಿದ್ದ. ಬೈಯಲು ಮನಸ್ಸಾಗಲಿಲ್ಲ. ಲಸಿಕೆಗೆ ಐಸು ಬೇಕು, ರಕ್ತಕ್ಕೆ ಬೇಕು, ಇದಕ್ಕೂ ಬೇಕು ಅಂದುಕೊಂಡಿದ್ದಾನೆ ಪಾಪ. ಕಾಲರಾ ಬ್ಯಾಕ್ಟೀರಿಯಾಗೆ ಚಳಿ ಆಗಿಬರುವುದಿಲ್ಲ. ಐಸು ಇಲ್ಲದೆ, ಮಾಮೂಲಿ ಕೋಣೆಯ ಶಾಖದಲ್ಲೇ ತರಬೇಕು. ಸಾಲದ್ದಕ್ಕೆ ರೋಗಿಗಳಿಗೆಲ್ಲ ಹಳ್ಳಿಯ ಡಾಕ್ಟರೊಬ್ಬರು ಆಗಲೇ ಆಂಟಿಬಯೋಟಿಕ್ ಕೊಟ್ಟಾಗಿತ್ತು. ನಡುವೆ ಭಾನುವಾರ ಬೇರೆ. ಐದನೇ ದಿನ ನಾನು ರಿಪೋರ್ಟು ಬರೆದೆ: "ಬೆಳವಣಿಗೆ ಇಲ್ಲ."

ನಾನು ಬರೆದದ್ದು ಅಷ್ಟೇ. ಅದು ಮೇಲಿನ ಕಚೇರಿಗೆ ಹೋಗಿ, ಅಲ್ಲಿಂದ ಪತ್ರಿಕೆಗೆ ಹೋಗುವ ಹೊತ್ತಿಗೆ "ಕಾಲರಾ ಇಲ್ಲ" ಅಂತ ಆಗಿತ್ತು. ಬೆಳೆಯಲಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ಇರೋ ವ್ಯತ್ಯಾಸ ನಿಮಗೆ ಗೊತ್ತಾಗುತ್ತದೆ ಅಲ್ವಾ? ಆ ಊರಿನ ಕತೆ ಇನ್ನೂ ಇದೆ, ಆಮೇಲೆ ಹೇಳುತ್ತೇನೆ.

ಈ ಐದು ದಿನವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಲು ಬಂದದ್ದು ಈ ಕಡ್ಡಿ. ಪ್ಯಾರಿಸ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ ಹುಟ್ಟಿದ್ದು, ನಮ್ಮ ಸೂರತ್ತಿನಲ್ಲಿ ತಯಾರಾಗಿದ್ದು. ಬ್ಯಾಕ್ಟೀರಿಯಾದ ಮೈಮೇಲಿನ ಗುರುತನ್ನು ಹಿಡಿಯುವ ಪ್ರತಿಕಾಯಗಳನ್ನು ಕಾಗದಕ್ಕೆ ಅಂಟಿಸಿರುತ್ತಾರೆ. ಸತ್ತ ಬ್ಯಾಕ್ಟೀರಿಯಾ ಇದ್ದರೂ ಗೆರೆ ಬರಬಹುದು, ಬೆಳೆಸುವ ತಾಪತ್ರಯ ಇಲ್ಲ. ಬಾಂಗ್ಲಾದೇಶದವರು ತಮ್ಮದೇ ಒಂದು ಕಡ್ಡಿ ಮಾಡಿಕೊಂಡಿದ್ದಾರೆ.

ಹಾಗಂತ ಇದನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಇದು ತಪ್ಪುತ್ತದೆ. ಕಾಲರಾ ಅಲ್ಲದವರಲ್ಲೂ ಗೆರೆ ಬರುವುದುಂಟು, ಇರುವವರಲ್ಲಿ ಬರದೇ ಇರುವುದೂ ಉಂಟು. ಬ್ಯಾಕ್ಟೀರಿಯಾವನ್ನೇ ತಿನ್ನುವ ಫೇಜ್ ಅನ್ನುವ ವೈರಸ್ಸುಗಳು ರೋಗಿಯ ಹೊಟ್ಟೆಯಲ್ಲಿ ಇದ್ದರೆ ಕಡ್ಡಿಗೆ ಮೋಸ ಆಗುತ್ತದೆ ಅಂತ ಬಾಂಗ್ಲಾದೇಶದ ಆಸ್ಪತ್ರೆಗಳ ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೇ ಒಬ್ಬ ರೋಗಿಯ ಕಡ್ಡಿ ನೋಡಿ ತೀರ್ಮಾನ ಮಾಡಬಾರದು. ಒಂದೇ ಊರಿನ ಹತ್ತು ಜನರಿಗೆ ಹಾಕಿ. ಒಂದು ಗೆರೆ ಸುಳ್ಳು ಹೇಳಬಹುದು, ಆರು ಗೆರೆ ಸೇರಿ ಒಂದೇ ಸುಳ್ಳು ಹೇಳುವುದು ಕಷ್ಟ. ಅವರಲ್ಲಿ ಕೆಲವರ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದನ್ನು ಕಡ್ಡಿ ಹೇಳುವುದಿಲ್ಲ, ಕಲ್ಚರ್ ಹೇಳುತ್ತದೆ. ಈಗ ಒಂದು ಒಳ್ಳೆಯ ಉಪಾಯ ಇದೆ. ಫಿಲ್ಟರ್ ಕಾಗದದ ಮೇಲೆ ಮಲದ ನೀರು ಒಣಗಿಸಿ ಕವರಿನಲ್ಲಿ ಹಾಕಿ ಕಳಿಸಿದರೂ ಪಿ.ಸಿ.ಆರ್. ಆಗುತ್ತದೆ. ಐಸಿನ ರಗಳೆಯೇ ಇಲ್ಲ.

ಈ ಕಡ್ಡಿಗಳು ದೊಡ್ಡ ಸಂಖ್ಯೆಯಲ್ಲಿ ಹೊರಟದ್ದು 2024ರ ಏಪ್ರಿಲ್‌ನಲ್ಲಿ. ಲಸಿಕೆಗಳ ಜಾಗತಿಕ ಒಕ್ಕೂಟ ಗಾವಿ, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಸೇರಿ 14 ದೇಶಗಳಿಗೆ 12 ಲಕ್ಷಕ್ಕೂ ಜಾಸ್ತಿ ಕಡ್ಡಿ ಕಳಿಸುವ ಕೆಲಸ ಶುರು ಮಾಡಿದರು. ಮೊದಲ ಪೆಟ್ಟಿಗೆ ಹೋದದ್ದು ಆಫ್ರಿಕಾದ ಮಲಾವಿಗೆ. ಮಲಾವಿಯಲ್ಲಿ 2022ರ ಮಾರ್ಚಿನಲ್ಲಿ ಶುರುವಾದ ಕಾಲರಾ ಸುಮಾರು 59,000 ಜನರನ್ನು ಹಿಡಿದು 1,768 ಜನರನ್ನು ಕೊಂದಿತ್ತು. ನೂರಕ್ಕೆ ಮೂರು ಸಾವು. ಸರಿಯಾಗಿ ನೀರು ತುಂಬಿದರೆ ನೂರಕ್ಕೆ ಒಂದೂ ಆಗಬಾರದು. ಕಡ್ಡಿ ಬಂದದ್ದು ಆ ದೊಡ್ಡ ಅಲೆ ಇಳಿದ ಮೇಲೆ. ಇದು ಕಾಲರಾದ ಹಳೇ ಕತೆ, ಬೆಂಕಿ ಆರಿದ ಮೇಲೆ ಬಾವಿ ತೋಡುವುದು. ಆದರೂ ಮುಂದಿನ ಸಲಕ್ಕೆ ಬಾವಿ ಇರುತ್ತದಲ್ಲ, ನಾನು ಬೇಡ ಅನ್ನುವುದಿಲ್ಲ.

ಈಗ ಕಣ್ಗಾವಲಿನ ವಿಷಯಕ್ಕೆ ಬರುತ್ತೇನೆ. ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಕತೆ ನಿಮ್ಮಲ್ಲಿ ಹಲವರು ಕೇಳಿದ್ದೀರಿ. 1854, ಲಂಡನ್ನಿನ ಸೋಹೊ, ಬ್ರಾಡ್ ಸ್ಟ್ರೀಟಿನ ಕೈಪಂಪು, 600ಕ್ಕೂ ಜಾಸ್ತಿ ಸಾವು. ಸ್ನೋ ನಕಾಶೆ ಮಾಡಿದರು, ಪಂಪಿನ ಹಿಡಿ ತೆಗೆಸಿದರು, ಕಾಲರಾ ನಿಂತಿತು ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಆಗಲಿಲ್ಲ. ಸೆಪ್ಟೆಂಬರ್ 8ಕ್ಕೆ ಹಿಡಿ ತೆಗೆದಾಗ ಸಾವು ಆಗಲೇ ಇಳಿಯುತ್ತಿತ್ತು, ಬಹಳ ಜನ ಆ ಜಾಗ ಬಿಟ್ಟು ಓಡಿದ್ದರು. ನಕಾಶೆ ಬಂದದ್ದು ಆಮೇಲೆ. ಸ್ನೋ ಮಾಡಿದ ನಿಜವಾದ ಕೆಲಸ ಅಂದರೆ ಮನೆ ಮನೆಗೆ ಹೋಗಿ "ನೀರು ಎಲ್ಲಿಂದ ತರುತ್ತೀರಿ" ಅಂತ ಕೇಳಿದ್ದು. ಪಂಪಿನ ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರು ಯಾಕೆ ಸಾಯಲಿಲ್ಲ? ಅವರು ನೀರು ಮುಟ್ಟುತ್ತಿರಲಿಲ್ಲ, ಬಿಯರೇ ಕುಡಿಯುತ್ತಿದ್ದರು. ಹತ್ತಿರದಲ್ಲಿ ಬಡವರನ್ನು ಇಟ್ಟು ದುಡಿಸುವ ವರ್ಕ್‌ಹೌಸಿನಲ್ಲಿ 500ಕ್ಕೂ ಜಾಸ್ತಿ ಜನ ಇದ್ದರೂ ಬರೀ 5 ಸಾವು. ಅವರದ್ದು ಬೇರೆ ಬಾವಿ. ಹಾಂಪ್‌ಸ್ಟೆಡ್ಡಿನಲ್ಲಿ ದೂರದಲ್ಲಿದ್ದ ಒಬ್ಬ ವಿಧವೆ ಯಾಕೆ ಸತ್ತರು? ಆಕೆಗೆ ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಹಿಡಿಸಿತ್ತು, ಬಾಟಲಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು.

ಇನ್ನೊಬ್ಬರ ಹೆಸರು ಹೇಳಲೇಬೇಕು. ಆ ಕೇರಿಯ ಚರ್ಚಿನ ಯುವಕ ಪಾದ್ರಿ ಹೆನ್ರಿ ವೈಟ್‌ಹೆಡ್. ಅವರಿಗೆ ಸ್ನೋ ಮಾತಿನ ಮೇಲೆ ನಂಬಿಕೆ ಇರಲಿಲ್ಲ, ತಪ್ಪು ಅಂತ ತೋರಿಸಲೆಂದೇ ಹೊರಟರು. ಆದರೆ ಬೀದಿಯ ಪ್ರತಿ ಮನೆಯೂ ಅವರಿಗೆ ಪರಿಚಯ. ಕೇಳುತ್ತಾ ಹೋದ ಹಾಗೆ ತಾವೇ ಒಪ್ಪಿಕೊಂಡರು. ಅಷ್ಟೇ ಅಲ್ಲ, ಪಂಪಿನ ಎದುರಿಗೇ ಇದ್ದ 40ನೇ ನಂಬರಿನ ಮನೆಯಲ್ಲಿ ಒಂದು ಹಸುಗೂಸಿಗೆ ಮೊದಲು ಭೇದಿಯಾಗಿದ್ದನ್ನೂ, ತಾಯಿ ಬಟ್ಟೆ ಒಗೆದ ನೀರನ್ನು ನೆಲಮಾಳಿಗೆಯ ಗುಂಡಿಗೆ ಸುರಿದಿದ್ದನ್ನೂ ಪತ್ತೆ ಮಾಡಿದ್ದು ಅವರೇ. ಗುಂಡಿಯಿಂದ ಪಂಪಿನ ಬಾವಿಗೆ ಮೂರಡಿ ದೂರವೂ ಇರಲಿಲ್ಲ. ನಕಾಶೆ ಮಾಡುವವರಿಗೆ ಇದು ಸಿಗುವುದಿಲ್ಲ. ಬೀದಿಯವರನ್ನು ಬಲ್ಲವರಿಗೆ ಸಿಗುತ್ತದೆ.

ನಮ್ಮಲ್ಲಿ ಆ ಪಾದ್ರಿಯ ಜಾಗದಲ್ಲಿ ಇರುವವರು ಆಶಾ ಕಾರ್ಯಕರ್ತೆ. 2004ರಲ್ಲಿ ರೋಗ ಕಣ್ಗಾವಲು ಯೋಜನೆ ಬಂತು, ಐ.ಡಿ.ಎಸ್.ಪಿ. ಅದರಲ್ಲಿ ಮೂರು ಫಾರಂ. ಆರೋಗ್ಯ ಕಾರ್ಯಕರ್ತೆ ತಾನು ಕಂಡ ಲಕ್ಷಣ ಬರೆದರೆ ಎಸ್ ಫಾರಂ, ಡಾಕ್ಟರ್ ತನ್ನ ಅಂದಾಜು ಬರೆದರೆ ಪಿ ಫಾರಂ, ಲ್ಯಾಬಿನವರು ಖಚಿತ ಮಾಡಿದರೆ ಎಲ್ ಫಾರಂ. ವಾರಕ್ಕೊಮ್ಮೆ ಕಾಗದದಲ್ಲಿ ಮೇಲೆ ಹೋಗಬೇಕಿತ್ತು. ಕಾಲರಾಗೆ ವಾರ ಅಂದರೆ ಒಂದು ಯುಗ. ಆಮೇಲೆ ಇದನ್ನೆಲ್ಲ ಕಂಪ್ಯೂಟರಿಗೆ, ಮೊಬೈಲಿಗೆ ತಂದರು. 2018ರಲ್ಲಿ ಐ.ಎಚ್.ಐ.ಪಿ. ಅಂತ ಮೊದಲು ಶುರು ಮಾಡಿದ 7 ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಇತ್ತು. 2021ರಿಂದ ಇಡೀ ದೇಶಕ್ಕೆ ಬಂತು. ಈಗ ಕಾರ್ಯಕರ್ತೆ ಮೊಬೈಲಿನಲ್ಲಿ ಒತ್ತಿದ್ದು ಅವತ್ತೇ ಜಿಲ್ಲೆಗೆ ಕಾಣುತ್ತದೆ. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಕಾಣುತ್ತದೆ ಅನ್ನುವುದೇ ಬೇರೆ, ಯಾರೋ ನೋಡುತ್ತಾರೆ ಅನ್ನುವುದೇ ಬೇರೆ.

ತಂತ್ರಜ್ಞಾನ ಎಲ್ಲಿಯವರೆಗೆ ಹೋಗಬಲ್ಲದು, ಎಲ್ಲಿ ನಿಂತುಬಿಡುತ್ತದೆ ಅಂತ ನೋಡಬೇಕಾದರೆ ಹೈಟಿಗೆ ಹೋಗಬೇಕು. ಕೆರಿಬಿಯನ್ ದ್ವೀಪದ ಬಡ ದೇಶ. 2010ರ ಜನವರಿಯಲ್ಲಿ ಭೂಕಂಪ ಆಯಿತು. ಅಕ್ಟೋಬರಿನಲ್ಲಿ ಆರ್ಟಿಬೊನೀಟ್ ನದಿಯ ಉದ್ದಕ್ಕೂ ಜನ ವಾಂತಿಭೇದಿಯಿಂದ ಸಾಯತೊಡಗಿದರು. ನೂರು ವರ್ಷದಿಂದ ಅಲ್ಲಿ ಕಾಲರಾ ದಾಖಲಾಗಿಯೇ ಇರಲಿಲ್ಲ. ನೋಡಿ, ಅಂಥ ದೇಶದ ಲ್ಯಾಬು ಅಕ್ಟೋಬರ್ 21ಕ್ಕೇ ಕಾಲರಾ ಅಂತ ಖಚಿತ ಮಾಡಿತು. ಭೇಷ್ ಅನ್ನಬೇಕು.

ಆಮೇಲೆ ಸ್ವೀಡನ್ನಿನ ಸಂಶೋಧಕರು ಅಲ್ಲಿನ ಮೊಬೈಲ್ ಕಂಪನಿಯಿಂದ ಸಿಮ್‌ಗಳ ಓಡಾಟದ ಮಾಹಿತಿ ತೆಗೆದುಕೊಂಡರು. ಯಾರ ಹೆಸರೂ ಇಲ್ಲ, ಯಾವ ಟವರಿನಿಂದ ಯಾವ ಟವರಿಗೆ ಎಷ್ಟು ಸಿಮ್ ಹೋಯಿತು ಅಂತ ಮಾತ್ರ. ಕಾಲರಾ ಎದ್ದ ಸೇಂಟ್ ಮಾರ್ಕ್ ಪ್ರದೇಶದ ಒಂದು ಲಕ್ಷಕ್ಕೂ ಜಾಸ್ತಿ ಸಿಮ್ ನೋಡಿ, ಅಲ್ಲಿಂದ ಜನ ಎಲ್ಲೆಲ್ಲಿಗೆ ಹೋಗುತ್ತಿದ್ದಾರೆ ಅಂತ ಮಾಹಿತಿ ಕೈಗೆ ಬಂದ ಅರ್ಧ ದಿನದೊಳಗೆ ಪರಿಹಾರದ ಕೆಲಸದವರಿಗೆ ಕಳಿಸಿದರು. ಕಾಲರಾ ಮುಂದೆ ಎಲ್ಲಿಗೆ ಹೋಗಬಹುದು ಅನ್ನುವ ಸುಳಿವು ಅದು.

ಅದು ಬಂದದ್ದು ಎಲ್ಲಿಂದ? ನದಿಯ ಮೇಲ್ಭಾಗದಲ್ಲಿ ಮಿರೆಬಲೆ ಊರಿನ ಹತ್ತಿರ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರ ಇತ್ತು. ಆಗಷ್ಟೇ ನೇಪಾಳದಿಂದ ಹೊಸ ತುಕಡಿ ಬಂದಿತ್ತು. ನೇಪಾಳದಲ್ಲಿ ಆಗ ಕಾಲರಾ ಇತ್ತು. ಶಿಬಿರದ ಶೌಚದ ನೀರು ಹಳ್ಳಕ್ಕೆ ಸೇರುತ್ತಿದೆ ಅಂತ ಊರಿನವರು ಮೊದಲ ವಾರವೇ ಹೇಳಿದರು. ಫ್ರಾನ್ಸಿನ ಡಾಕ್ಟರ್ ರೆನೊ ಪಿಯಾರು ಬಂದು ಹಳ್ಳಿ ಹಳ್ಳಿ ತಿರುಗಿ, ಸ್ನೋ ಮಾಡಿದ ಹಾಗೇ ದಿನಾಂಕ ಹಾಕಿ ನಕಾಶೆ ಮಾಡಿ, ಅದೇ ಶಿಬಿರದತ್ತ ಬೆರಳು ತೋರಿಸಿದರು. 2011ರಲ್ಲಿ ಜೀನೋಮ್ ಓದಿದರೆ ಹೈಟಿಯ ಬ್ಯಾಕ್ಟೀರಿಯಾಗೂ ನೇಪಾಳದ ಬ್ಯಾಕ್ಟೀರಿಯಾಗೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ.

ವಿಜ್ಞಾನ ಒಂದೇ ವರ್ಷದಲ್ಲಿ ಉತ್ತರ ಕೊಟ್ಟಿತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. 2019ರವರೆಗೆ ಆ ಅಲೆಯಲ್ಲಿ 8 ಲಕ್ಷ 20 ಸಾವಿರ ಜನಕ್ಕೆ ಕಾಲರಾ ಬಂತು, ಸುಮಾರು 10,000 ಜನ ಸತ್ತರು. 2022ರಲ್ಲಿ ಮತ್ತೆ ಕಾಣಿಸಿಕೊಂಡಿತು. ಆ ಹಳ್ಳದ ಪಕ್ಕದ ಜನ ಮೊದಲ ವಾರ ಹೇಳಿದ್ದನ್ನು ಒಪ್ಪಿಕೊಳ್ಳಲು ಆರು ವರ್ಷ.

ನನ್ನ ಪ್ರಕಾರ ಕಾಲರಾ ತಡೆಯುವುದರಲ್ಲಿ ದೊಡ್ಡ ತೊಡಕು ಪರೀಕ್ಷೆಯದ್ದಲ್ಲ, ಹೆಸರಿನದು. ಯಾರಿಗೂ ಆ ಹೆಸರು ಬೇಡ. ಎಷ್ಟೋ ದೇಶಗಳು ಅದನ್ನು "ತೀವ್ರ ನೀರುಭೇದಿ" ಅಂತ ಬರೆದುಕೊಂಡಿವೆ. ನಮ್ಮ ಕಡೆ "ಕರುಳುಬೇನೆ" ಅನ್ನುತ್ತೇವೆ. ಹೆದರಿಕೆಗೂ ಕಾರಣ ಇದೆ. 1991ರಲ್ಲಿ ಪೆರುವಿನಲ್ಲಿ ಕಾಲರಾ ಎದ್ದಾಗ ಆ ದೇಶ ಮುಚ್ಚಿಡದೆ ಹೇಳಿತು. ಹೇಳಿದ್ದಕ್ಕೆ ಅವರ ಮೀನನ್ನು ಬೇರೆ ದೇಶದವರು ಕೊಳ್ಳುವುದು ಬಿಟ್ಟರು, ಪ್ರವಾಸಿಗರು ಬರುವುದು ನಿಂತಿತು. ಕೊನೆಗೆ ಅಧ್ಯಕ್ಷರೇ ಟೀವಿ ಮುಂದೆ ಹಸಿ ಮೀನು ತಿಂದು ತೋರಿಸಬೇಕಾಯಿತು. ಡಾಕ್ಟರುಗಳು ಅಯ್ಯೋ ಅಂದರು. ನಿಜ ಹೇಳಿದವರಿಗೆ ಹೀಗಾದರೆ ಮುಂದಿನವರು ಯಾಕೆ ಹೇಳುತ್ತಾರೆ? ಇದೇ ಲೆಕ್ಕ ದೇಶದಿಂದ ಜಿಲ್ಲೆಗೆ, ಜಿಲ್ಲೆಯಿಂದ ಪಂಚಾಯಿತಿಗೆ ಇಳಿದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ 2024ರಲ್ಲಿ ವರದಿಯಾದದ್ದು 5 ಲಕ್ಷ 60 ಸಾವಿರ ಕಾಲರಾ, 6,000ಕ್ಕೂ ಜಾಸ್ತಿ ಸಾವು. ನಿಜವಾದ ಸಂಖ್ಯೆ ವರ್ಷಕ್ಕೆ 13 ಲಕ್ಷದಿಂದ 40 ಲಕ್ಷ ಇರಬಹುದು ಅಂತ ಅದೇ ಸಂಸ್ಥೆಯ ಅಂದಾಜು. ನಡುವಿನ ಅಷ್ಟೂ ಜನ ಬೇರೆ ಬೇರೆ ಹೆಸರಿನಲ್ಲಿ ಮಲಗಿದ್ದಾರೆ.

ಹೆಸರು ಬೇಗ ಹೇಳಿದರೆ ಏನು ಲಾಭ? ಕಾಂಗೋದ ಕಲೆಮಿ, ಚಾಡ್ ದೇಶದ ಎನ್‌ಜಮೇನಾ, ಈ ಎರಡು ಊರುಗಳ ಕಾಲರಾ ರೋಗಿಗಳ ಮನೆಗಳನ್ನು ಒಂದೊಂದಾಗಿ ನಕಾಶೆಯಲ್ಲಿ ಗುರುತು ಮಾಡಿ ನೋಡಿದ್ದಾರೆ. ರೋಗಿಯ ಮನೆಯಿಂದ 20 ಮೀಟರ್ ಒಳಗೆ ಇರುವವರಿಗೆ ಮೊದಲ ಐದು ದಿನದಲ್ಲಿ ಅಪಾಯ ಊರಿನ ಉಳಿದವರಿಗಿಂತ ಹತ್ತಾರು ಪಟ್ಟು ಜಾಸ್ತಿ. 200 ಮೀಟರ್ ದಾಟಿದ ಮೇಲೂ ಸ್ವಲ್ಪ ಇದ್ದೇ ಇರುತ್ತದೆ. ಅಂದರೆ ಇಡೀ ಜಿಲ್ಲೆಗೆ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾ ಓಡಾಡಬೇಕಾಗಿಲ್ಲ. ಆ ಸುತ್ತಿನ ಮನೆಗಳಿಗೆ ಕೂಡಲೇ ಹೋಗಿ, ಕುಡಿಯುವ ನೀರಿಗೆ ಕ್ಲೋರಿನ್ ಹಾಕಿ, ಸೋಪು ಕೊಟ್ಟು, ಓ.ಆರ್.ಎಸ್. ಕೊಟ್ಟು, ಲಸಿಕೆ ಇದ್ದರೆ ಹಾಕಿ ಬಂದರೆ ಅರ್ಧ ಕೆಲಸ ಆದ ಹಾಗೆ. ಆದರೆ ಐದನೇ ದಿನ ರಿಪೋರ್ಟು ಬಂದರೆ ಆ ಐದು ದಿನ ಮುಗಿದೇ ಹೋಗಿರುತ್ತದೆ. ಕಡ್ಡಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ಢಾಕಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಯ ಜೊತೆ ಆಸ್ಪತ್ರೆಗೆ ಬಂದ ಮನೆಯವರನ್ನೇ ಹಿಡಿದು ಕೂರಿಸಿ ಒಂದು ವಾರ ಕೈ ತೊಳೆಯುವುದು, ನೀರು ಶುದ್ಧ ಮಾಡುವುದು ಹೇಳಿಕೊಡುತ್ತಾರೆ. ಬಾಂಗ್ಲಾದವರ ಬುದ್ಧಿ ಯಾವಾಗಲೂ ಹೀಗೆ ಅಗ್ಗವಾಗಿ, ಗಟ್ಟಿಯಾಗಿ ಇರುತ್ತದೆ. ಹಳೆಯ ಹತ್ತಿ ಸೀರೆಯನ್ನು ಎಂಟು ಮಡಿಕೆ ಮಾಡಿ ನೀರು ಸೋಸಿದರೆ ಕಾಲರಾ ಅರ್ಧದ ಹತ್ತಿರ ಕಡಿಮೆಯಾಗುತ್ತದೆ ಅಂತ ಅಮೆರಿಕದ ವಿಜ್ಞಾನಿ ರೀಟಾ ಕೊಲ್ವೆಲ್ ತಂಡ ತೋರಿಸಿದ್ದೂ ಅಲ್ಲಿನ ಮತ್ಲಾಬ್ ಹಳ್ಳಿಗಳಲ್ಲೇ. ಬ್ಯಾಕ್ಟೀರಿಯಾ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತದೆ, ಸೀರೆಯಲ್ಲಿ ಆ ಹುಳು ಸಿಕ್ಕಿಕೊಳ್ಳುತ್ತದೆ.

ಉಪಗ್ರಹ, ಮಳೆಯ ಮುನ್ಸೂಚನೆ, ಇದೆಲ್ಲ ಈಗ ಇದೆ. ಯೆಮನ್‌ನಲ್ಲಿ 2018ರಲ್ಲಿ ಮಳೆ ಎಲ್ಲಿ ಜೋರಾಗುತ್ತದೆ ಅಂತ ಮೊದಲೇ ನೋಡಿ ಅಲ್ಲಿಗೆ ಕ್ಲೋರಿನ್ ಕಳಿಸುವ ಕೆಲಸ ನಡೆಯಿತು. ಒಳ್ಳೆಯದೇ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ನಮ್ಮ ಹಳ್ಳಿಗಳಲ್ಲಿ ತೊಂದರೆ ಆಕಾಶದಿಂದ ಬರುವುದಿಲ್ಲ, ಚರಂಡಿಯಲ್ಲಿ ಹಾದುಹೋಗುವ ಪೈಪಿನಿಂದ ಬರುತ್ತದೆ.

ಆ ಊರಿನ ಕತೆ ಬಾಕಿ ಇದೆಯಲ್ಲ. ರಿಪೋರ್ಟು ಬರೆದ ಮೇಲೆ ಮನಸ್ಸು ತಡೆಯಲಿಲ್ಲ, ರಜೆ ಹಾಕಿ ನಾನೇ ಬಸ್ಸು ಹತ್ತಿ ಹೋದೆ. ಕಾಯಿಲೆ ಆಗಲೇ ಇಳಿದಿತ್ತು. ಆಶಾ ಕಾರ್ಯಕರ್ತೆ ತನ್ನ ನೋಟ್‌ಬುಕ್ ತೋರಿಸಿದಳು. ಮನೆ ನಂಬರು, ಹೆಸರು, ವಾಂತಿ ಶುರುವಾದ ಹೊತ್ತು, ಎಲ್ಲಾ ಅಚ್ಚುಕಟ್ಟಾಗಿ ಬರೆದಿದ್ದಳು. ನೋಡಿದರೆ ಎಲ್ಲಾ ಮನೆಗಳೂ ಊರಿನ ಕೆಳಗಿನ ಎರಡು ಬೀದಿಯವು. "ಮೊದಲನೇ ದಿನ ಆರು ಮನೆ ಬರೆಯೋವಾಗಲೇ ನಂಗೆ ಅನುಮಾನ ಬಂತು ಮೇಡಂ, ನೀರುಗಂಟಿ ತಾತಂಗೆ ಹೇಳ್ದೆ" ಅಂದಳು.

ನೀರುಗಂಟಿ ಟ್ಯಾಂಕಿನ ಕೆಳಗೆ ಬೀಡಿ ಸೇದುತ್ತಾ ಕೂತಿದ್ದ. ಅರವತ್ತು ದಾಟಿದವನು. ನಲ್ಲಿಯ ನೀರಿಗೆ ಓ.ಟಿ. ಹನಿ ಹಾಕಿ ನೋಡಿದೆ, ಈಗ ಹಳದಿ ಬಂತು, ಅಂದರೆ ಕ್ಲೋರಿನ್ ಇದೆ. ಆಗ ಇರಲಿಲ್ಲವಂತೆ. ಆಶಾ ಬಂದು ಹೇಳಿದ ಸಂಜೆಯೇ ಅವನು ಕೆಳಬೀದಿಯ ವಾಲ್ವು ತಿರುಗಿಸಿ ನೀರು ನಿಲ್ಲಿಸಿದ್ದ. ಟ್ಯಾಂಕರ್ ನೀರು ಬರುವವರೆಗೆ ಮೇಲಿನ ಬೀದಿಯಿಂದ ಹೊರಿ ಅಂದಿದ್ದ. ಬೈಸಿಕೊಂಡೂ ಇದ್ದ.

"ಯಜಮಾನ್ರೇ, ನಿಮಗೆ ಹೇಗೆ ಗೊತ್ತಾಯ್ತು, ನೀರೇ ಅಂತ?" ಅಂತ ಕೇಳಿದೆ.

"ಅದಕ್ಕೆ ನಾಕು ದಿನದ ಹಿಂದೆ ಚರಂಡಿ ಅಗೆಯೋರು ಪೈಪು ಒಡ್ದಿದ್ರು ಮೇಡಂ. ಟ್ಯೂಬು ಸುತ್ತಿ ಕಟ್ಟಿದ್ದು ನಾನೇ."

"ಇದನ್ನ ತನಿಖೆಗೆ ಬಂದವರಿಗೆ ಹೇಳಿದ್ರಾ?"

"ಜೀಪಲ್ಲಿ ಬಂದಿದ್ರು, ಟ್ಯಾಂಕು ಹತ್ತಿ ಬಾಟ್ಲಿಗೆ ನೀರು ತುಂಬ್ಕೊಂಡು ಹೋದ್ರು" ಅಂದ. "ಟ್ಯಾಂಕಲ್ಲಿ ಏನೈತೆ, ನೀರು ಚೆನ್ನಾಗೇ ಐತೆ."